ಹೊತ್ತು ಗೊತ್ತಿಲ್ಲದ ಗಾಳಿಯವರಿಗೆ ಬನ್ನಿಹಾಳದ ಗಿರಣಿಯಿಂದ

ಗೆ: ಶ್ರೀಮಾನ್ ಪಡುವಣ ಗಾಳಿಯವರು. ಕಾಯಂ ವಿಳಾಸ ಇಲ್ಲ. ಸದ್ಯ ಬನ್ನಿಹಾಳದ ಗುಡ್ಡದ ಮೇಲೆ ಇರಬಹುದು, ಇಲ್ಲದಿರಲೂಬಹುದು.

ಇಂದ: ಬಸಲಿಂಗವ್ವ ಹೊಳಬಸಪ್ಪ, ಹಿಟ್ಟಿನ ಗಿರಣಿ, ಬನ್ನಿಹಾಳ, ತಾಲೂಕು ಹುನಗುಂದ, ಜಿಲ್ಲೆ ವಿಜಾಪುರ. ಶ್ರಾವಣ ಮಾಸ, 1986.

ಮಾನ್ಯರೇ,

ಶರಣು ಶರಣಾರ್ಥಿ. ತಾವು ಗಟ್ಟಿಮುಟ್ಟಾಗಿದ್ದೀರೆಂದು ತಿಳಿಯುತ್ತೇನೆ, ಏಕೆಂದರೆ ನಿನ್ನೆ ಸಂಜೆ ನಮ್ಮ ಹಿತ್ತಲಿನ ತಟ್ಟಿಯನ್ನು ಕೆಡವಿ, ಒಣಹಾಕಿದ್ದ ನಮ್ಮ ಯಜಮಾನರ ಧೋತರವನ್ನು ಎತ್ತಿ ಗೌಡರ ಮಾಳಿಗೆಯ ಮೇಲೆ ಹೊದಿಸಿ ಹೋದವರು ತಾವೇ ಎಂದು ಊರೆಲ್ಲ ಹೇಳುತ್ತಿದೆ. ಇತ್ತ ನಾವೂ ತಕ್ಕಮಟ್ಟಿಗೆ ಚೆನ್ನಾಗಿದ್ದೇವೆ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ನನ್ನ ಕಾಲಕ್ಕೆ ಈ ಊರಿನ ಹೆಣ್ಣುಮಕ್ಕಳಲ್ಲಿ ನಾನೊಬ್ಬಳೇ. ಪತ್ರ ಬರೆಯುವ ಕ್ರಮವನ್ನು ಸಾಲೆಯಲ್ಲಿ ಮಾಸ್ತರರು ಕಿವಿ ಹಿಂಡಿ ಕಲಿಸಿದ್ದಾರೆ. ಮೊದಲು ವಂದನೆ, ಆಮೇಲೆ ಕ್ಷೇಮ ಸಮಾಚಾರ, ಆಮೇಲೆ ವಿಷಯ, ಸಿಟ್ಟು ಇದ್ದರೆ ಎಲ್ಲಕ್ಕಿಂತ ಕಡೆಗೆ ಎಂದು ಅವರ ಅಪ್ಪಣೆ. ಆ ಕ್ರಮದಲ್ಲೇ ಬರೆಯಲು ನನ್ನ ಕೈಲಾದಷ್ಟು ನೋಡುತ್ತೇನೆ, ಸಿಟ್ಟು ಪಾಳಿ ಬಿಟ್ಟು ನಡುವೆ ನುಗ್ಗಿದರೆ ತಾವು ದೊಡ್ಡ ಮನಸ್ಸು ಮಾಡಬೇಕು. ಅಂಚೆಗೆ ಹಾಕೋಣವೆಂದರೆ ತಮ್ಮ ವಿಳಾಸ ಪೋಸ್ಟಮನ್ನನಿಗೂ ತಿಳಿಯದು. ಆದ್ದರಿಂದ ಇದನ್ನು ಗಿರಣಿಯ ಹೊರಗೋಡೆಗೆ ಅಂಟಿಸುತ್ತೇನೆ. ತಾವು ಹೇಗೂ ಕರೆಯದೆ ಬರುವವರು, ಬಂದಾಗ ಓದಿಕೊಳ್ಳಿ. ನಡುವೆ ಊರವರು, ಸರ್ಕಾರಿ ಖಾತೆಯವರು ಓದಿದರೆ ನನ್ನದೇನೂ ಅಡ್ಡಿಯಿಲ್ಲ.

ವಿಷಯ ಇಷ್ಟು. ನಮ್ಮೂರ ಗುಡ್ಡದ ಮೇಲೆ ಸರ್ಕಾರದವರು ನಿಲ್ಲಿಸಿರುವ ಗಾಳಿಯಂತ್ರವನ್ನು ಕಳಚಿ ಒಯ್ಯಬೇಕೆಂದು ಆದೇಶವಾಗಿದೆ. ಅದು ಹೋದರೆ ನನ್ನ ಗಿರಣಿ ನಿಲ್ಲುತ್ತದೆ. ಗಿರಣಿ ನಿಂತರೆ ಈ ಊರಿನ ಹೆಂಗಸರು ಮತ್ತೆ ಬೀಸುಕಲ್ಲಿನ ಗೂಟ ಹಿಡಿಯಬೇಕು, ಇಲ್ಲವೇ ಜೋಳದ ಡಬ್ಬಿಯನ್ನು ತಲೆಯ ಮೇಲೆ ಹೊತ್ತು ಹುನಗುಂದದ ದಾರಿ ಹಿಡಿಯಬೇಕು. ನನ್ನ ಸೊಸೆ ಬನಶಂಕರಿ ಈಗ ಏಳು ತಿಂಗಳ ಬಸುರಿ. ಆದೇಶ ಬಂದ ಮರುದಿನವೇ ಅವಳು ನನಗೆ ಹೇಳದೆ ಮೂಲೆಯಲ್ಲಿದ್ದ ಬೀಸುಕಲ್ಲನ್ನು ತೊಳೆದು ಇಟ್ಟಿದ್ದಳು. ಆ ತೊಳೆದ ಕಲ್ಲೇ ಈ ಪತ್ರಕ್ಕೆ ಕಾರಣ. ಆದೇಶದಲ್ಲಿ ಯಂತ್ರ ಒಯ್ಯಲು ಕೊಟ್ಟಿರುವ ಕಾರಣ ತಾವು. ನೇರವಾಗಿ ತಮ್ಮ ಹೆಸರನ್ನೇ ಬರೆದಿದ್ದಾರೆ.

ಮೊದಲಿನಿಂದ ಹೇಳುತ್ತೇನೆ. ನನ್ನ ಗಿರಣಿ ಮೊದಲು ವಿದ್ಯುತ್ ಬೋರ್ಡಿನ ಲೈನಿನ ಮೇಲೆಯೇ ಓಡುತ್ತಿತ್ತು. ಯಜಮಾನರು ಹೊಳಬಸಪ್ಪನವರು ಹೆಸರಿಗೆ ಮಾಲೀಕರು, ಅವರ ಲಕ್ಷ್ಯವೆಲ್ಲ ಭಜನಾ ಮೇಳದಲ್ಲಿ; ಗಿರಣಿ ನೋಡಿಕೊಳ್ಳುವವಳು ನಾನು, ಓಡಿಸುವವನು ಹುಸೇನಸಾಬ. ಹುಬ್ಬಿನ ಮೇಲೂ ಹಿಟ್ಟು ಕೂತಿರುವ ಈ ಮನುಷ್ಯನನ್ನು ತಾವು ಬಲ್ಲಿರಿ, ಅವನ ಟೊಪ್ಪಿಗೆಯನ್ನು ತಾವು ಹಲವು ಸಲ ಹಾರಿಸಿದ್ದೀರಿ. ಮುಂದೆ ಮಳೆ ಕೈಕೊಟ್ಟ ವರ್ಷಗಳು ಬಂದವು. ದೂರದ ಘಟ್ಟದ ಅಣೆಕಟ್ಟಿನಲ್ಲಿ ನೀರು ತಳ ಕಂಡಿತು, ಇಲ್ಲಿ ನಮ್ಮ ಮೋಟರು ನಿಂತಿತು; ಆ ಲೈನಿನಲ್ಲಿ ಗಿರಣಿ ತಿರುಗಿಸುವಷ್ಟು ಕಸುವು ಬರುವುದು ಇಂದಿಗೂ ಅಪರೂಪ. ಎಲ್ಲಿಯೋ ನಾವು ಕಾಣದ ಕಾಡಿನಲ್ಲಿ ಮಳೆಯಾದರೆ ಬನ್ನಿಹಾಳದಲ್ಲಿ ಜೋಳ ಹಿಟ್ಟಾಗುತ್ತದೆ ಎಂಬ ಸಂಗತಿ ನಮಗೆ ಆಗಲೇ ಗೊತ್ತಾದದ್ದು. ಮಳೆಯವರು ತಮ್ಮ ಹತ್ತಿರದ ಸಂಬಂಧಿಕರೆಂದು ಕೇಳಿದ್ದೇನೆ, ಅವರ ವಿಷಯ ಇಲ್ಲಿ ಹೆಚ್ಚು ಎತ್ತುವುದಿಲ್ಲ. ಒಂದು ಮನೆತನಕ್ಕೆ ಒಂದು ದೂರು ಸಾಕು.

ಹೀಗಿರುವಾಗ ಬಾಗಲಕೋಟೆಯಲ್ಲಿ ಹೊಸದಾಗಿ ತೆರೆದಿದ್ದ, ನಾವು ಗಾಳಿ ಖಾತೆ ಎಂದೇ ಕರೆಯುವ ಕಚೇರಿಯಿಂದ ಒಬ್ಬ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು. ಮೈಸೂರು ಕಡೆಯವರು, ಮಾತು ಮೆತ್ತಗೆ, ಬೂಟು ಬೆಳ್ಳಗೆ. ಗುಡ್ಡದ ಮೇಲೆ ನಿಂತು ಕರವಸ್ತ್ರ ಎತ್ತಿ ಹಿಡಿದರು, ತಾವು ಅದನ್ನು ಕಸಿದುಕೊಂಡು ಹೋದಿರಿ, ಅಲ್ಲಿಗೆ ಜಾಗ ಮಂಜೂರಾಯಿತು. ಕಬ್ಬಿಣದ ಕಂಬ ಎದ್ದಿತು, ಮೂರು ರೆಕ್ಕೆಯ ಯಂತ್ರ ಏರಿತು, ಗುಡ್ಡದಿಂದ ಗಿರಣಿಗೂ ನೀರಿನ ಪಂಪಿಗೂ ಬೀದಿಯ ದೀಪಗಳಿಗೂ ತಂತಿ ಇಳಿಯಿತು. ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ನಿಂತು ಸಾಹೇಬರು ಕರೆಂಟಿನ ಮರ್ಮವನ್ನು ತಿಳಿಸಿ ಹೇಳಿದರು. ಕರೆಂಟನ್ನು ಜೋಳದ ಹಾಗೆ ನೆಲದೊಳಗಿನ ಹಗೇವಿನಲ್ಲಿ ತುಂಬಿಡಲು ಬರುವುದಿಲ್ಲವಂತೆ. ಬ್ಯಾಟರಿ ಇದ್ದರೂ ಅದು ಬೀದಿದೀಪಕ್ಕೆ ಮಾತ್ರ ಸಾಲುತ್ತದಂತೆ. ಉಳಿದದ್ದೆಲ್ಲ ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕಂತೆ. ಎಳೆಯುವವರು ಹೆಚ್ಚಾದರೆ ದೀಪ ಮಂಕು, ಕಡಿಮೆಯಾದರೆ ರೆಕ್ಕೆ ಅಂಕೆ ಮೀರಿ ತಿರುಗಿ ಯಂತ್ರಕ್ಕೆ ಹುಚ್ಚು. ಗಂಡಸರು ಬಾಯಿ ತೆರೆದು ಕೇಳಿದರು. ಹೆಂಗಸರಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ, ಏಕೆಂದರೆ ಹಂಚಿನ ಮೇಲಿನ ರೊಟ್ಟಿಗೂ ತಾಟಿನ ಮುಂದೆ ಕುಳಿತವರಿಗೂ ಇರುವ ಸಂಬಂಧ ಇದೇ. ಉಣ್ಣುವವರ ಕೈ ನೋಡಿಕೊಂಡು ಬಡಿಯಬೇಕು, ಬಡಿಯುವವಳ ಕೈ ನೋಡಿಕೊಂಡು ಉಣ್ಣಬೇಕು.

ಮೊದಲ ವರ್ಷ ಮೇಲಿನ ಕಚೇರಿಯಿಂದ ನಿಯಮಗಳು ಬಂದಿರಲಿಲ್ಲ, ಆದ್ದರಿಂದ ಯಂತ್ರ ಬಹಳ ಚೆನ್ನಾಗಿ ಓಡಿತು. ತಾವು ಹೊತ್ತು ಗೊತ್ತಿಲ್ಲದವರು ಎಂಬುದು ನಮಗೆ ಹೊಸದಲ್ಲ. ಕಣದಲ್ಲಿ ರಾಶಿ ಮಾಡುವವರು ಮೊರ ಹಿಡಿದು ತಮ್ಮ ದಾರಿ ಕಾಯುತ್ತಾರೆಯೇ ಹೊರತು, ಇಂಥ ಗಂಟೆಗೆ ತೂರುತ್ತೇವೆ ಎಂದು ಡಂಗುರ ಸಾರಿದವರನ್ನು ನಾನು ಕಂಡಿಲ್ಲ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದಾರೆ, ನಾವು ಗಾಳಿ ಬಂದಾಗ ಬೀಸಿಕೊಂಡೆವು. ಅದಕ್ಕೆ ಬೇರೆ ಏರ್ಪಾಟೂ ಬೇಕಾಗಲಿಲ್ಲ. ಗಿರಣಿಯಲ್ಲಿ ಡಬ್ಬಿ ಪಾಳಿಗೆ ಹಚ್ಚುವ ರೂಢಿ ನಮ್ಮಲ್ಲಿ ಮೊದಲಿನಿಂದಲೂ ಇದೆ: ಜೋಳದ ಡಬ್ಬಿಯನ್ನು ಸಾಲಿನಲ್ಲಿಟ್ಟು ಹೆಂಗಸು ಹೊಲಕ್ಕೋ ಹಳ್ಳಕ್ಕೋ ಹೋಗುತ್ತಾಳೆ, ಅವಳ ಬದಲಿಗೆ ಡಬ್ಬಿ ನಿಂತಿರುತ್ತದೆ. ತಾವು ಬೆಳಿಗ್ಗೆ ಬಂದರೆ ಬೆಳಿಗ್ಗೆ, ಇಳಿಹೊತ್ತಿಗೆ ಬಂದರೆ ಇಳಿಹೊತ್ತಿಗೆ, ಹುಸೇನಸಾಬ ಡಬ್ಬಿಗಳನ್ನು ಒಂದರ ಹಿಂದೊಂದು ಬೀಸಿ ಮುಗಿಸುತ್ತಿದ್ದ. ಗುಡ್ಡದ ರೆಕ್ಕೆ ಎಲ್ಲರ ಅಂಗಳಕ್ಕೂ ಕಾಣುತ್ತದೆ, ತಿರುಗಿತೆಂದರೆ ಹಿಟ್ಟು ತರಲು ಹೊರಡುವುದು, ಅಷ್ಟೇ. ನನ್ನ ತವರಿನ ಕಡೆಯವರ ಡಬ್ಬಿಗಳು ಮಾತ್ರ ಪಾಳಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿಯುತ್ತವೆ ಎಂದು ಹುಸೇನಸಾಬನ ದೂರಿತ್ತು. ನೆಲ ಇಳಿಜಾರಿದ್ದರೆ ಡಬ್ಬಿಗಳು ಸರಿಯುವುದು ಸಹಜ.

ತಾವು ನಾಲ್ಕಾರು ದಿನ ಮುಖ ತೋರಿಸದಿದ್ದಾಗಲೂ ಊರು ಉಪವಾಸ ಬೀಳಲಿಲ್ಲ. ಹಿಟ್ಟಿನ ಕಡ ಎಂಬುದೊಂದು ನಮ್ಮಲ್ಲಿದೆ. ಇಂದು ನನ್ನ ಮನೆಯಲ್ಲಿ ಹಿಟ್ಟಿದ್ದರೆ ನೀನು ಒಂದು ಬೋಗುಣಿ ಒಯ್ಯುವುದು, ನಿನ್ನ ಡಬ್ಬಿ ಬೀಸಿ ಬಂದ ದಿನ ನನಗೆ ಹೊಸ ಹಿಟ್ಟು ತಿರುಗಿ ಕೊಡುವುದು. ಹೀಗಾಗಿ ಯಾರ ಮನೆಯಲ್ಲೂ ಹಿಟ್ಟು ಹಳತಾಗದು, ಯಾರ ಹಂಚೂ ತಣ್ಣಗಾಗದು. ತಮಗೆ ಕಸುವು ಕಡಿಮೆ ಇದ್ದ ದಿನ, ಎಲ್ಲ ಡಬ್ಬಿಗಳಿಗೂ ಕರೆಂಟು ಸಾಲದೆಂದು ಕಂಡಾಗ, ಪಾಳಿಯಲ್ಲಿ ಮೊದಲಿದ್ದ ರೇಣವ್ವನಂಥ ಬಾಯಿಬಡಕಿಯೂ "ನಮ್ಮನ್ಯಾಗ ನಾಳಿ ಮಟಾ ಹಿಟ್ಟೈತಿ, ಬಾಣಂತಿ ಮನಿ ಡಬ್ಬಿ ಮುಂದ ಸರಸ್ರಿ" ಎಂದು ಹಿಂದೆ ಸರಿಯುತ್ತಿದ್ದಳು. ಆ ವರ್ಷ ಬೋರ್ಡಿನ ಲೈನನ್ನು ನಾವು ಕೇಳಿದ್ದೇ ಅಪರೂಪ. ತಮ್ಮ ಮೇಲೆ ಆಗ ನನಗೆ ಪ್ರೀತಿಯೇ ಇತ್ತು ಎಂದು ಹೇಳಲು ನಾಚಿಕೆಪಡುವುದಿಲ್ಲ.

ಎರಡನೆಯ ವರ್ಷ ನಿಯಮಗಳು ಬಂದವು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಗಿರಣಿ, ಊಟದ ನಂತರ ಪಂಪು, ಹೊತ್ತು ಮುಳುಗಿದ ಮೇಲೆ ದೀಪ. ಡಬ್ಬಿಗಳನ್ನು ಪಾಳಿಗೆ ಹಚ್ಚುವುದು ಅಶಿಸ್ತು, ಜನರೇ ಖುದ್ದಾಗಿ ನಿಲ್ಲತಕ್ಕದ್ದು. ಇಷ್ಟೆಲ್ಲ ಮುದ್ದಾದ ಅಕ್ಷರಗಳಲ್ಲಿ ಫಲಕದ ಮೇಲೆ ಬರೆಸಿ ಕಂಬದ ಬುಡಕ್ಕೆ ಕಟ್ಟಿದರು. ಆದರೆ ಮಾನ್ಯರೇ, ಫಲಕವನ್ನು ಓದಬೇಕಾದವರು ತಾವೊಬ್ಬರೇ ಆಗಿದ್ದಿರಿ, ತಾವೊಬ್ಬರೇ ಓದಲಿಲ್ಲ. ಹತ್ತು ಗಂಟೆಗೆ ಹೆಂಗಸರು ಹೊಲದ ಕೆಲಸ ಬಿಟ್ಟು ಬಂದು ಸಾಲಿನಲ್ಲಿ ನಿಂತರೆ, ಗುಡ್ಡದ ಮೇಲೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ದನಗಳು ಮನೆಗೆ ಬರುವ ಹೊತ್ತಿಗೆ ತಾವು ಧೂಳೆಬ್ಬಿಸಿಕೊಂಡು ಬರುತ್ತಿದ್ದಿರಿ, ಆಗ ಗಿರಣಿಗೆ ಬೀಗ, ಪಂಪಿನ ತೊಟ್ಟಿ ತುಂಬಿರುತ್ತಿತ್ತು, ದೀಪಗಳು ತಮ್ಮ ಚಿಟಿಕೆಯಷ್ಟನ್ನು ಹೀರಿಕೊಂಡರೆ ಉಳಿದ ತಮ್ಮ ಶಕ್ತಿಯೆಲ್ಲ ದಂಡ. ಯಂತ್ರ ಹುಚ್ಚೇಳಬಾರದೆಂದು ಹುಸೇನಸಾಬ ಬ್ರೇಕು ಹಾಕಿ ಕಂಬದ ಕೆಳಗೆ ಕುಕ್ಕರಗಾಲಲ್ಲಿ ಕೂಡುತ್ತಿದ್ದ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬುದಕ್ಕೆ ಒಂದು ಖಾತೆಯನ್ನೇ ತೆರೆದು ಸಂಬಳ ಕೊಡುವುದನ್ನು ನಾನು ಮೊದಲು ಕಂಡದ್ದು ಇಲ್ಲಿಯೇ.

ಹೆಚ್ಚಾದ ಕರೆಂಟನ್ನು ಬೋರ್ಡಿನ ಲೈನಿಗಾದರೂ ಕೊಟ್ಟುಬಿಡಿ, ಇಳಕಲ್ಲಿನ ಯಾವುದಾದರೂ ಮನೆಯ ದೀಪಕ್ಕಾದೀತು ಎಂದು ನಾನೇ ಸಾಹೇಬರಿಗೆ ಹೇಳಿದೆ. ಅವರು ಕನಿಕರದಿಂದ ನಕ್ಕು, "ಆ ತಂತಿಗೆ ಕೊಡೋದು ಮಾತ್ರ ಗೊತ್ತು ಕಣಮ್ಮ, ತಗೊಳ್ಳೋದಕ್ಕೆ ಬರೋದಿಲ್ಲ" ಎಂದರು. ಸರ್ಕಾರದ ವಸ್ತುಗಳ ಪೈಕಿ ತಗೊಳ್ಳಲು ಬಾರದ ವಸ್ತುವನ್ನು ನೋಡುವ ಭಾಗ್ಯ ನನಗೆ ಒದಗಿದ್ದು ಅದೊಂದೇ ಸಲ. ಹಾಗಾದರೆ ಗಿರಣಿಯ ಹೊತ್ತನ್ನಾದರೂ ಸಂಜೆಗೆ ಸರಿಸಿ ಎಂದೆ. ಹೊತ್ತು ನಿಗದಿ ಮಾಡಿದ್ದು ಮೇಲಿನವರು, ಅದನ್ನು ಮುಟ್ಟುವ ಅಧಿಕಾರ ತಮಗಿಲ್ಲ, ಗಾಳಿಯೇ ಕ್ರಮೇಣ ಹೊಂದಿಕೊಳ್ಳುತ್ತದೆ ಎಂದರು. ಆದ್ದರಿಂದ ನಾನು ತಮ್ಮಲ್ಲಿ ಅಂದೇ ವಿನಂತಿಸಿಕೊಳ್ಳಬೇಕಾಗಿತ್ತು, ಈಗ ವಿನಂತಿಸುತ್ತೇನೆ: ದಯವಿಟ್ಟು ಬೆಳಿಗ್ಗೆ ಹತ್ತಕ್ಕೆ ಬಂದು ಹಾಜರಿ ಹಾಕಿ, ಒಂದಕ್ಕೆ ಊಟಕ್ಕೆ ಏಳಿ. ಬಾದಾಮಿಯ ಕಡೆಗೆ ಹೋಗುವುದಿದ್ದರೆ ಮುಂಚಿತವಾಗಿ ರಜೆ ಚೀಟಿ ಕೊಟ್ಟು ಹೋಗಿ. ಬರುವಾಗ ಎಷ್ಟು ಜೋರಾಗಿ ಬರುವಿರೆಂದು ಹಿಂದಿನ ದಿನವೇ ತಿಳಿಸಿದರೆ ಅಷ್ಟೇ ಡಬ್ಬಿ ಇಡಲು ಅನುಕೂಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೂಜಾರಿಯನ್ನು ತಿದ್ದುವುದು ನಮ್ಮಿಂದಾಗದ ಕಾರಣ ದೇವರನ್ನೇ ತಿದ್ದಲು ನೋಡುತ್ತಿದ್ದೇವೆ.

ಈ ವರ್ಷ ಆಷಾಢದಲ್ಲಿ ತಾವು ಹಗಲೂ ಸಂಜೆಯೂ ಬಿಡುವಿಲ್ಲದೆ ಬೀಸಿದಿರಿ. ಸಾಹೇಬರಿಗೆ ಆಗ ಒಂದು ಮಹಾ ವಿಚಾರ ಹೊಳೆಯಿತು. ಕರೆಂಟನ್ನು ತುಂಬಿಡಲು ಬಾರದಿದ್ದರೆ ಏನಾಯಿತು, ಹಿಟ್ಟನ್ನು ತುಂಬಿಡಬಹುದಲ್ಲ? ಗಾಳಿ ಇರುವಾಗಲೇ ಊರಿನ ಜೋಳವನ್ನೆಲ್ಲ ಬೀಸಿ ದೀಪಾವಳಿಯ ತನಕ ಸಾಲುವಷ್ಟು ಹಿಟ್ಟು ಮಾಡಿಟ್ಟರೆ, ಅದು ಹಿಟ್ಟಿನ ರೂಪದಲ್ಲಿರುವ ಗಾಳಿಯೇ ಅಲ್ಲವೇ? ಹಾಗೆಂದು ಕಾಗದ ಬಂದಿತು, ಕಾಗದದ ಮೇಲೆ ಮುದ್ರೆ ಇತ್ತು. ವಿಚಾರ ಕೇಳಲು ಬಹಳ ಸೊಗಸಾಗಿದೆ, ಅನ್ನ ಉಣ್ಣುವ ನಾಡಿನಲ್ಲಿ ಯಾರೂ ಇದನ್ನು ತಪ್ಪೆನ್ನಲಾರರು. ಆದರೆ ಜೋಳದ ಹಿಟ್ಟು ಹೊಸ ಸೊಸೆಯ ಹಾಗೆ, ನಾಲ್ಕು ದಿನ ಹೇಳಿದಂತೆ ಕೇಳುತ್ತದೆ. ಹಳತಾದರೆ ಜಿಗಿ ಹೋಗುತ್ತದೆ, ಎಷ್ಟು ಕುದಿಯುವ ಎಸರು ಹಾಕಿ ನಾದಿದರೂ ರೊಟ್ಟಿ ಅಂಚಿನಿಂದ ಹರಿಯುತ್ತ ನಡುವಿಗೆ ಬರುತ್ತದೆ. ಇದನ್ನು ಹೇಳಲು ನಾವು ಹೋದೆವು. ಸಾಹೇಬರು "ಹಿಟ್ಟು ಅಂದ್ರೆ ಹಿಟ್ಟೇ ಅಲ್ವೇನಮ್ಮ" ಎಂದರು. ನಮ್ಮ ಗಂಡಸರು ಮುದ್ರೆಯ ಕಡೆ ನೋಡಿ ನಮ್ಮ ಕಡೆ ಕಣ್ಣು ಬಿಟ್ಟರು. ಬೀಸಿದೆವು. ಕೋಣೆಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹಿಟ್ಟಿನ ಚೀಲ. ಶ್ರಾವಣ ಬರುವಷ್ಟರಲ್ಲಿ ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು ನಿಂತು ಅತ್ತೆ ಸೊಸೆಯರ ಸದ್ದು ಎದ್ದಿತು. ಹಿಟ್ಟನ್ನು ಅಂಬಲಿ ಮಾಡಿದೆವು, ಅಂಬಲಿ ಕಹಿಯಾಯಿತು. ಈ ಯೋಜನೆಯನ್ನು ಮನಸಾರೆ ಸ್ವಾಗತಿಸಿದವು ಊರಿನ ಎಮ್ಮೆಗಳು ಮಾತ್ರ.

ಯಂತ್ರ ಊರಿಗೆ ಲಾಭವೋ ನಷ್ಟವೋ ಎಂದು ನೋಡಲು ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆಂದು ಸುದ್ದಿಯಾದದ್ದು ಆಗಲೇ. ಅವರು ಒಪ್ಪಿದರೆ ಯಂತ್ರ ಉಳಿಯುತ್ತದೆ, ಒಪ್ಪದಿದ್ದರೆ ಹೋಗುತ್ತದೆ ಎಂದು ಸಾಹೇಬರು ಸ್ಪಷ್ಟವಾಗಿ ಹೇಳಿದ್ದರು. ತಪಾಸಣೆಯ ವೇಳೆ ಹತ್ತರಿಂದ ಒಂದು. ಆ ಬೆಳಿಗ್ಗೆಯ ತಮ್ಮ ನಡವಳಿಕೆಯ ಬಗ್ಗೆ ಬರೆಯುವಾಗ ಸಿಟ್ಟು ಪಾಳಿ ಬಿಟ್ಟು ನುಗ್ಗುತ್ತದೆ. ವರ್ಷದಲ್ಲಿ ತಾವು ಮೈತುಂಬಿ ಬೀಸುವ ತಿಂಗಳು, ಹಿಂದಿನ ಸಂಜೆಯವರೆಗೆ ಹೆಂಚು ಹಾರಿಸಿದವರು, ಅಂದು ಮಾತ್ರ ಎಲ್ಲಿ ಹೋಗಿದ್ದಿರಿ? ದೊಡ್ಡ ಸಾಹೇಬರು ಮಹಾಕೂಟದ ಹೊಂಡದಲ್ಲಿ ಮಿಂದು, ಬಾದಾಮಿಯ ಗುಹೆ ನೋಡಿಕೊಂಡು ತಡವಾಗಿ ಬಂದರು; ಅವರಿಗಾದರೂ ಜೀಪು ಕೈಕೊಟ್ಟಿತೆಂಬ ನೆಪವಿತ್ತು. ಅವರು ಗುಡ್ಡದ ಮೇಲೆ ನಿಂತು ಕತ್ತೆತ್ತಿ ನೋಡಿದರು. ರೆಕ್ಕೆಯ ಮೇಲೆ ಒಂದು ಕಾಗೆ ಕೂತಿತ್ತು. ಅದೂ ಅವರನ್ನೇ ನೋಡಿತು. ನಾವು ಹೆಂಗಸರು ಕೆಳಗೆ ನಿಂತು ಮನಸ್ಸಿನಲ್ಲಿ ತಮ್ಮನ್ನು ಏನೇನು ಕರೆದೆವೆಂಬುದನ್ನು ಮುಲ್ಕಿ ಪಾಸಾದವಳು ಬರೆಯಬಾರದು.

ಗಡಿಯಾರ ಒಂದು ದಾಟಿತು. ನಮ್ಮ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕೂಡಿಸಿದೆವು. ಎಣಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು, ಸಿಹಿಗೆ ಮಾದಲಿ. ರೊಟ್ಟಿಯನ್ನು ಮಾತ್ರ ಕೂಡಿಟ್ಟ ಹಿಟ್ಟಿನಿಂದಲೇ ಮಾಡಬೇಕೆಂದು ಸಾಹೇಬರ ಹಟ, ದೊಡ್ಡ ಸಾಹೇಬರಿಗೆ ತಮ್ಮ ಯೋಜನೆಯ ರುಚಿ ತೋರಿಸುವ ಆಸೆ. ಬನಶಂಕರಿಯ ಕೈರೊಟ್ಟಿಗೆ ಇಳಕಲ್ಲಿನ ತನಕ ಹೆಸರು. ಪಾಪ, ಅವಳು ಒಲೆಯ ಮುಂದೆ ಕಣ್ಣೀರಿಡುತ್ತ ಆ ಹಿಟ್ಟಿನೊಂದಿಗೆ ಗುದ್ದಾಡಿದಳು. ತಾಟಿಗೆ ಬಿದ್ದದ್ದು ರೊಟ್ಟಿಯ ಚೂರುಗಳು. ಸಾಹೇಬರು ಒಂದು ಚೂರನ್ನು ಎತ್ತಿ ಹಿಡಿದು, "ಇದು ಆಷಾಢದ ಗಾಳಿ ಸಾರ್. ಶ್ರಾವಣದಲ್ಲಿ ತಿಂತಿದ್ದೀವಿ" ಎಂದರು. ದೊಡ್ಡ ಸಾಹೇಬರು ಅಗಿದು, ನೀರಿನ ತಂಬಿಗೆಗೆ ಕೈ ಚಾಚಿ, "ಗಾಳಿ ಸ್ವಲ್ಪ ಕಹಿಯಾಗಿದೆಯಲ್ಲ" ಎಂದರು.

ಸರಿಯಾಗಿ ಆಗ ತಾವು ಬಂದಿರಿ. ಮೊದಲು ಬಾಗಿಲ ಪರದೆ ಅಲ್ಲಾಡಿತು, ಆಮೇಲೆ ಗುಡ್ಡದ ಕಡೆಯಿಂದ ರೆಕ್ಕೆಯ ಸದ್ದು ಕೇಳಿತು. ಬಡಿಸುತ್ತಿದ್ದ ರೇಣವ್ವ ಪಲ್ಯದ ಸೌಟನ್ನು ದೊಡ್ಡ ಸಾಹೇಬರ ತಾಟಿನಲ್ಲೇ ಬಿಟ್ಟು ಓಡಿದಳು. ನೋಡುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಓಡುತ್ತಿದ್ದರು, ಎಲ್ಲರ ಸೊಂಟದ ಮೇಲೂ ಒಂದೊಂದು ಡಬ್ಬಿ. ಮುದ್ರೆಯ ಕಾಗದಕ್ಕೆ ತಲೆಬಾಗಿ ಊರಿನ ಜೋಳವನ್ನೆಲ್ಲ ಬೀಸಿದ್ದೆವಲ್ಲ, ಅದು ಖರೆ. ಆದರೆ ಪ್ರತಿಯೊಬ್ಬಳೂ ಗಂಡನಿಗೆ ಹೇಳದೆ, ನೆರೆಯವಳಿಗೂ ಹೇಳದೆ, ಒಂದಿಷ್ಟು ಜೋಳವನ್ನು ನೆಲುವಿನಲ್ಲೋ ಹಾಸಿಗೆಯ ಕೆಳಗೋ ಮುಚ್ಚಿಟ್ಟಿದ್ದಳೆಂದು ಅಂದೇ ಬಯಲಾಯಿತು. ನಾನೂ ನನ್ನದನ್ನು ಹೊರ ತೆಗೆದೆ. ಹುಸೇನಸಾಬ ಯಾರನ್ನೂ ಕೇಳದೆ ಬ್ರೇಕು ಬಿಟ್ಟ. ಖಾಲಿಯಾದ ಪಡಸಾಲೆಯಲ್ಲಿ ದೊಡ್ಡ ಸಾಹೇಬರು ಎಲ್ಲರೂ ಎಲ್ಲಿಗೆ ಹೋದರೆಂದು ಕೇಳಿದಾಗ, ಮೊಸರು ಕಲಸಿಕೊಳ್ಳುತ್ತಿದ್ದ ನಮ್ಮ ಯಜಮಾನರು, "ಗಾಳಿ ಬಂತಲ್ರೀ ಸಾಹೇಬ್ರ. ಇನ್ನ ನಿಮ್ಮನ್ನ ಯಾರ ಕೇಳ್ತಾರ? ನೀವು ಸಾವಕಾಶ ಉಣ್ರಿ" ಎಂದರಂತೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಆಡಿದ ಮಾತುಗಳಲ್ಲಿ ನನ್ನ ಮನಸ್ಸಿಗೆ ಬಂದದ್ದು ಅದೊಂದು.

ಒಂದು ಊರಿಗೆ ಊರೇ ಗಾಳಿಯ ಸದ್ದಿಗೆ ಎದ್ದು ಓಡಿದ್ದನ್ನು ಕಣ್ಣಾರೆ ಕಂಡ ಮೇಲೂ, ಮೇಲಿನವರ ಮಾತಿನಂತೆ ಇಂಜಿನಿಯರ್ ಸಾಹೇಬರ ಸಹಿ ಹೊತ್ತು ಆದೇಶ ಏನೆಂದು ಬಂತು ಕೇಳಿ. ನಿಗದಿತ ವೇಳೆಯಲ್ಲಿ ಗಾಳಿಯ ಅಭಾವ. ಅನಿಗದಿತ ವೇಳೆಯಲ್ಲಿ ಜನರ ಅಶಿಸ್ತು. ಆದಕಾರಣ ಘಟಕವು ಮಿತವ್ಯಯಕರವಲ್ಲ, ಕಳಚಿ ಬಾಗಲಕೋಟೆಯ ಉಗ್ರಾಣಕ್ಕೆ ಒಪ್ಪಿಸುವುದು. ಉಗ್ರಾಣದೊಳಗೆ ತಾವು ಬೀಸುವುದಿಲ್ಲವೆಂಬುದು ಖಾತ್ರಿ, ಆದ್ದರಿಂದ ಅಲ್ಲಿ ಯಾವ ಅನಿಶ್ಚಯವೂ ಇಲ್ಲ. ಆ ಮರುದಿನವೇ ತೊಳೆದಿಟ್ಟ ಕಲ್ಲು ನನ್ನ ಕಣ್ಣಿಗೆ ಬಿದ್ದದ್ದು. ಬನಶಂಕರಿಗೆ ಬೈದೆ. ಅವಳು ತಲೆ ತಗ್ಗಿಸಿ, "ಇಕಾ ನೋಡ್ರಿ ಅತ್ತಿ, ನೀವೂ ಬೀಸೀರಿ, ನಿಮ್ಮತ್ತೇರೂ ಬೀಸ್ಯಾರ. ನಾ ಏನ್ ಮ್ಯಾಲಿಂದ ಇಳದ ಬಂದೇನೇನ್ರಿ?" ಎಂದಳು. ನಾನು ಅವಳ ವಯಸ್ಸಿನಲ್ಲಿ, ಅವಳ ಸ್ಥಿತಿಯಲ್ಲಿ, ಕೋಳಿ ಕೂಗುವ ಮೊದಲೇ ಎದ್ದು ಆ ಗೂಟ ಹಿಡಿದವಳು. ಆ ಸಲದ ಕೂಸು ನನಗೆ ದಕ್ಕಲಿಲ್ಲ. ಬೀಸಿದ್ದರಿಂದಲೇ ಎಂದು ವೈದ್ಯರು ಹೇಳಲಿಲ್ಲ, ಹೇಳಲು ಆಗ ನಮ್ಮಲ್ಲಿ ವೈದ್ಯರೂ ಇರಲಿಲ್ಲ. ಆದರೆ ಆ ಕಲ್ಲಿನ ಸದ್ದು ನನ್ನ ಮನೆಯಲ್ಲಿ ಮತ್ತೆ ಏಳಬಾರದು ಎಂಬುದು ನನ್ನ ಹಟ. ಇದರಲ್ಲಿ ತಮಾಷೆಯೇನೂ ಇಲ್ಲ ಮಾನ್ಯರೇ, ಈ ನಾಲ್ಕು ಸಾಲು ತಾವು ನಿಂತು ಓದಬೇಕು.

ಈಗ ಸದ್ಯದ ಸ್ಥಿತಿಗೆ ಬರುತ್ತೇನೆ. ಯಂತ್ರ ಕಳಚಲು ಖಾತೆಯ ಆಳುಗಳು ಮೊನ್ನೆ ಲಾರಿ ತಂದರು. ಮುಖ್ಯಸ್ಥ ಚಂದಪ್ಪ, ಗುಳೇದಗುಡ್ಡದವನು, ಮೀಸೆ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಅವನು ಹಗ್ಗ ಹೆಗಲಿಗೆ ಹಾಕಿಕೊಂಡು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟನೋ ಇಲ್ಲವೋ, ತಾವು ಪಡುವಣ ದಿಕ್ಕಿನಿಂದ ಬಂದವರು ಅವನ ತಲೆಗೆ ಸುತ್ತಿದ ಪಟಗವನ್ನು ಬಿಚ್ಚಿ ಹಾಕಿದಿರಿ. ಗಾಳಿ ಜೋರಿರುವಾಗ ಕಂಬ ಹತ್ತತಕ್ಕದ್ದಲ್ಲ ಎಂದು ಸಾಹೇಬರ ಫಲಕದಲ್ಲೇ ಕಡೆಯ ಸಾಲಿನಲ್ಲಿ ಬರೆದಿದೆ. ನಿಯಮಗಳಿಂದ ನಮಗೆ ಆದ ಮೊದಲ ಉಪಕಾರ ಅದು. ಆಳುಗಳು ಇಳಿದು ಗಿರಣಿಯ ನೆರಳಿಗೆ ಬಂದು ಕೂತರು. ಸಂಜೆಯಾದರೂ ತಾವು ನಿಲ್ಲಲಿಲ್ಲ. ನಿನ್ನೆ ಮತ್ತೆ ಬಂದರು, ತಾವೂ ಬಂದಿರಿ, ಹತ್ತು ಗಂಟೆಗೆ ಸರಿಯಾಗಿ. ಬ್ರೇಕು ಹಾಕಬೇಕೇ ಎಂದು ಹುಸೇನಸಾಬ ಕೇಳಿದ್ದಕ್ಕೆ ಚಂದಪ್ಪ, "ಸುಮ್ಮ ಯಾಕ ಹಾಕ್ತೀರಿ ಚಾಚಾ, ಬೀಸ್ಕೋರಿ. ನಾವು ಹೆಂಗೂ ಗಾಳಿ ನಿಲ್ಲೂತನಾ ಕುಂತಿರ್ತೇವಿ" ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಎಲ್ಲ ಡಬ್ಬಿಗಳೂ ಬೀಸಿ ಮುಗಿದವು. ಹೊಸ ಹಿಟ್ಟಿನಿಂದ ಬನಶಂಕರಿ ಆ ಆಳುಗಳಿಗೂ ರೊಟ್ಟಿ ಬಡಿದಳು, ಒಂದೂ ಹರಿಯಲಿಲ್ಲ.

ಆದ್ದರಿಂದ ನನ್ನ ಕಡೆಯ ಕೋರಿಕೆ, ಮೇಲಿನ ಕೋರಿಕೆಗಳನ್ನೆಲ್ಲ ರದ್ದು ಮಾಡಿ ಇದೊಂದನ್ನು ಇಟ್ಟುಕೊಳ್ಳಬೇಕು. ನಿಲ್ಲಬೇಡಿ. ಹಾಜರಿ ಬೇಡ, ರಜೆ ಚೀಟಿ ಬೇಡ, ಮುನ್ಸೂಚನೆ ಬೇಡ, ತಮ್ಮ ಇಷ್ಟದ ಹೊತ್ತಿಗೆ ಬನ್ನಿ, ನಾವು ಹೊಂದಿಕೊಳ್ಳುತ್ತೇವೆ, ನಮಗೆ ಆ ವಿದ್ಯೆ ಬರುತ್ತದೆ. ಲಾರಿ ಬಂದ ದಿನ ಮಾತ್ರ ತಪ್ಪಿಸಬೇಡಿ. ತಟ್ಟಿ ಬೀಳಲಿ, ಧೋತರ ಹಾರಲಿ, ಬೇಕಾದರೆ ಗೌಡರ ಮಾಳಿಗೆಯನ್ನೇ ತೆಗೆದುಕೊಂಡು ಹೋಗಿ. ಬನಶಂಕರಿಯ ಹೆರಿಗೆಯಾಗಿ, ಬಾಣಂತನ ಮುಗಿಯುವವರೆಗಾದರೂ ಆ ರೆಕ್ಕೆ ಅಲ್ಲಿಯೇ ಇರಲಿ. ಆಮೇಲಿನದನ್ನು ಆಮೇಲೆ ನೋಡಿಕೊಳ್ಳೋಣ, ಹೊಸ ಪತ್ರ ಬರೆಯುವಷ್ಟು ಶಾಯಿ ನನ್ನಲ್ಲಿದೆ.

ತಾವು ಬೀಸಿದಷ್ಟು ಹೊತ್ತು ತಮ್ಮ ವಿಶ್ವಾಸಿ, ಬೀಸದಿದ್ದಾಗ ತಮ್ಮ ವೈರಿ,

ಗಿರಣಿ ಬಸಲಿಂಗವ್ವ

ತಾ.ಕ.: ಎಂಟು ದಿನ ತಾವೂ ಬಿಡದೆ ಬೀಸಿದಿರಿ, ನಾವೂ ಬೀಸಿದೆವು, ಅಂಟು ಕಲಸಲು ಬಿಡುವಾಗಲಿಲ್ಲ. ಇಂದು ಕಲಸುವಷ್ಟರಲ್ಲಿ ಚಂದಪ್ಪ ಬಾಗಲಕೋಟೆಯಿಂದ ತಿರುಗಿ ಬಂದ, ಈ ಸಲ ಲಾರಿ ಇಲ್ಲದೆ. ಕೆಲಸ ಏಕೆ ಆಗಲಿಲ್ಲವೆಂದು ಸಾಹೇಬರು ಮೇಲಿನವರಿಗೆ ವರದಿ ಕೊಡಬೇಕಾಯಿತಂತೆ. ಬನ್ನಿಹಾಳದಲ್ಲಿ ವಿಪರೀತ ಗಾಳಿ ಇರುವುದರಿಂದ ಯಂತ್ರ ಕಳಚಲು ಸಾಧ್ಯವಾಗಿಲ್ಲ ಎಂದು ಬರೆದು ಸಹಿ ಮಾಡಿದ್ದಾರೆ. ಬನ್ನಿಹಾಳದಲ್ಲಿ ಗಾಳಿಯೇ ಇಲ್ಲದ್ದರಿಂದ ಯಂತ್ರ ಕಳಚಬೇಕು ಎಂಬ ಹಳೆಯ ಕಾಗದವೂ ಅದೇ ಫೈಲಿನಲ್ಲಿ, ಅದೇ ಸಹಿಯೊಂದಿಗೆ ಇದೆ. ಇವೆರಡರಲ್ಲಿ ಯಾವುದು ನಿಜವೆಂದು ಬೆಂಗಳೂರಿನವರು ವಿವರಣೆ ಕೇಳಿದ್ದಾರಂತೆ. ವಿವರಣೆ ಬಂದು, ಅದನ್ನು ಪರಿಶೀಲಿಸಲು ಸಮಿತಿ ಕೂತು, ಸಮಿತಿ ಎದ್ದು, ತೀರ್ಮಾನ ಆಗುವವರೆಗೆ ಯಂತ್ರವನ್ನು ಯಾರೂ ಮುಟ್ಟತಕ್ಕದ್ದಲ್ಲವಂತೆ. ತಾವು ಇಂದು ಬಂದು ನಾಳೆ ಹೋಗುವವರು, ಆದ್ದರಿಂದ ತಮ್ಮನ್ನು ನಂಬಿ ನನಗೆ ನಿದ್ದೆ ಬರುತ್ತಿರಲಿಲ್ಲ. ಆ ಕಚೇರಿಯನ್ನು ಮಾತ್ರ ನಾನು ಕಣ್ಣು ಮುಚ್ಚಿ ನಂಬುತ್ತೇನೆ: ಅವರ ತೀರ್ಮಾನ ಬರುವಷ್ಟರಲ್ಲಿ ಬನಶಂಕರಿಯೂ ಅತ್ತೆಯಾಗಿರುತ್ತಾಳೆ.